ರೇಡಿಯೇಶನ್ ಬಾಯಿಹುಣ್ಣಿಗೆ ಬೆಂಜಿಡಮೈನ್ ಮೌತ್‌ವಾಶ್: ಔಷಧಿ ಸರಿ, ಬಾಟಲಿ ಚಿಕ್ಕದು

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಶನ್ ಶುರುವಾಗಿ ಎರಡು ಮೂರು ವಾರಕ್ಕೆ ಬಾಯೊಳಗೆ ಕೆಂಪೇರಿ, ಸಿಪ್ಪೆ ಸುಲಿದಂತಾಗಿ ಹುಣ್ಣೇಳುತ್ತದೆ. ನೋವು, ಉರಿಯೂತ ತಗ್ಗಿಸುವ 0.15% ಬೆಂಜಿಡಮೈನ್ ಮೌತ್‌ವಾಶ್ ಕೊಟ್ಟ ಕಾಸಿಗೆ ಕೆಲಸ ಮಾಡಬೇಕಾದರೆ ಮೊದಲ ದಿನದಿಂದಲೇ ಹಿಡಿಯಬೇಕು. ಹುಣ್ಣಾದ ಮೇಲೆ ತಂದರೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಅಷ್ಟೇ.

ಒಂದು ಸಲಕ್ಕೆ 15 ಎಂಎಲ್, ಅಂದರೆ ಮೂರು ಟೀ ಚಮಚ. ಕನಿಷ್ಠ 30 ಸೆಕೆಂಡ್ ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ದಿನಕ್ಕೆ 4ರಿಂದ 8 ಸಲ. ಉಗಿದ ತಕ್ಷಣ ನೀರು ಕುಡಿದರೆ ಔಷಧಿಯೂ ತೊಳೆದುಹೋಗುತ್ತದೆ. ಚುರುಗುಟ್ಟಿತೆಂದು ಅರ್ಧಕ್ಕೇ ಕೈಬಿಡುವವರೇ ಜಾಸ್ತಿ. ಅಷ್ಟೇ ನೀರು ಬೆರೆಸಿದರೆ ತಡೆದುಕೊಳ್ಳಬಹುದು. ಲೇಬಲ್ಲಿನಲ್ಲಿ ಆಲ್ಕೋಹಾಲ್ ಇದೆಯೇ ನೋಡಿ, ಇಲ್ಲದ್ದನ್ನೇ ಕೇಳಿ.

ನಮ್ಮ ತಕರಾರು ಬಾಟಲಿಯ ಮೇಲೆ. ದಿನಕ್ಕೆ ಆರು ಸಲವೆಂದರೆ 90 ಎಂಎಲ್. 120 ಎಂಎಲ್ ಬಾಟಲಿ ಎರಡನೇ ದಿನಕ್ಕೇ ಖಾಲಿ. ಏಳು ವಾರದ ಕೋರ್ಸಿಗೆ ಮೂವತ್ತೇಳು ಬಾಟಲಿ! ಅದೂ ಅಲ್ಲದೆ, ಪುರಾವೆ ಗಟ್ಟಿಯಿರುವುದು ಒಟ್ಟು 50 ಗ್ರೇ (ರೇಡಿಯೇಶನ್ ಅಳೆಯುವ ಮಾನ) ಒಳಗಿನ ಡೋಸಿಗೆ. 70 ಗ್ರೇ ಪಡೆಯುವವರು ಕೊನೆಯ ವಾರಗಳಲ್ಲಿ ಇದನ್ನೊಂದನ್ನೇ ನಂಬಿ ಕೂರುವಂತಿಲ್ಲ.

ಇಷ್ಟಾದರೂ ಇದಕ್ಕೆ ಅಂಕ ಕೊಡುವುದಕ್ಕೆ ಕಾರಣವಿದೆ. ರೇಡಿಯೇಶನ್ ಏಟಿಗೆ ಬಾಯಿಯ ಜೀವಕೋಶಗಳು ಟಿಎನ್‌ಎಫ್‌ನಂಥ ಉರಿಯೂತದ ಸಂದೇಶಗಳನ್ನು ಸುರಿಸುತ್ತವೆ. ಬೆಂಜಿಡಮೈನ್ ಅದನ್ನು ತಗ್ಗಿಸುವುದು ಬಹುಮಟ್ಟಿಗೆ ಬಾಯಲ್ಲೇ. ಉರಿಯೂತ ಇಳಿಸುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಸೋನ್ ಮಾತ್ರೆ ಹಾಗಲ್ಲ, ರಕ್ತದ ಲಿಂಫೋಸೈಟ್‌ಗಳನ್ನೇ (ಒಂದು ಬಗೆಯ ಬಿಳಿರಕ್ತಕಣ) ಇಳಿಸುತ್ತದೆ. ರೇಡಿಯೇಶನ್‌ನಿಂದ ಒಡೆದ ಗೆಡ್ಡೆಯ ಗುರುತು ಹಿಡಿದು ದಾಳಿಯಿಡಬೇಕಾದ ಟಿ-ಕೋಶಗಳು ಆ ಗುಂಪಿನವೇ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಛೂ ಬಿಡುವ ಇಮ್ಯುನೋಥೆರಪಿಯೂ ನಡೆಯುತ್ತಿದ್ದರೆ ದಿನಕ್ಕೆ 10 ಮಿಗ್ರಾಂ ಪ್ರೆಡ್ನಿಸೋಲೋನ್ (ಇನ್ನೊಂದು ಸ್ಟೀರಾಯ್ಡ್) ದಾಟುವಾಗ ಡಾಕ್ಟರು ಎರಡು ಸಲ ಯೋಚಿಸುವುದು ಇದಕ್ಕೇ. ಹಾಗಂತ ಮಿದುಳಿನ ಊತಕ್ಕೋ ಉಸಿರಾಟಕ್ಕೋ ಕೊಟ್ಟ ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಿದಿರೋ, ಜೀವಕ್ಕೇ ಕುತ್ತು.

ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳ ತೊಡಕು ಬೇರೆ. ಜೊತೆಗೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ಹೋಗುತ್ತಿದ್ದರೆ ಕಿಡ್ನಿಗೆ ಎರಡು ಕಡೆಯಿಂದ ಏಟು. ಬಿಳಿರಕ್ತಕಣ ಕುಸಿದ ಹೊತ್ತಿನಲ್ಲಿ 100.4 ಡಿಗ್ರಿ ಜ್ವರ ಮುಚ್ಚಿಹೋದರೆ ಸೋಂಕು ಗೊತ್ತಾಗುವುದೂ ತಡ. ಕೇಳದೆ ನುಂಗಬೇಡಿ.

ನಾಲಿಗೆಯ ಮೇಲೆ ಗಟ್ಟಿ ಮೊಸರು ಮೆತ್ತಿದಂತೆ ಬಿಳಿ ಪದರ ಕಂಡು, ಒರೆಸಿದರೆ ಎದ್ದುಬಂದರೆ ಅದು ಫಂಗಸ್ ಇರಬಹುದು. ಈ ಮೌತ್‌ವಾಶ್ ಅದರ ಔಷಧಿಯಲ್ಲ. ಮಾರನೇ ದಿನ ರೇಡಿಯೇಶನ್‌ಗೆ ಹೋದಾಗಲೇ ಬಾಯಿ ತೆರೆದು ತೋರಿಸಿ.