ಅಮ್ಮನ ಕೈ ನಿಂತರೆ ಸಿನಿಮಾ ಪಾಸು

ಶುಕ್ರವಾರ ಸಂಜೆಯಾದರೆ ಸಾಕು, ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಅಕ್ಕನ ಮೆಸೇಜು ಬಂದೇ ಬರುತ್ತದೆ. "ಯಾವ್ದಾದ್ರೂ ಒಳ್ಳೇ ಸಿನಿಮಾ ಇದ್ರೆ ಹೇಳೋ." ನಾನು ಒಂದು ಹೆಸರು ಹೇಳುತ್ತೇನೆ. ತಕ್ಷಣ ಭಾವ ಕೇಳುತ್ತಾರೆ, "ನೋಡಬಹುದಾ?" ಈ ನೋಡಬಹುದಾ ಅನ್ನುವುದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡಲು ನನಗೆ ಇವತ್ತಿಗೂ ಬಂದಿಲ್ಲ. ಯಾರ ಜೊತೆ ಕೂತು ನೋಡುತ್ತೀರಿ, ಮನೇಲಾ ಥಿಯೇಟರಲ್ಲಾ, ಮಕ್ಕಳು ಮಲಗಿದ್ದಾರಾ ಎದ್ದಿದ್ದಾರಾ, ಇದೆಲ್ಲ ಗೊತ್ತಾಗದೆ ಏನು ಹೇಳೋದು? ಹೋದ ವರ್ಷ ನಾನು ಹೇಳಿದ ಒಂದು ಸಿನಿಮಾವನ್ನು ಭಾವ ಅಕ್ಕನ ಅತ್ತೆ ಮಾವನ ಜೊತೆ ಕೂತು ನೋಡಿ, ಹದಿನೈದನೇ ನಿಮಿಷಕ್ಕೆ ರಿಮೋಟ್ ಹುಡುಕಾಡಿದರಂತೆ. ಆ ಸಿನಿಮಾ ಯಾವುದು ಅಂತ ಮುಂದೆ ಹೇಳುತ್ತೇನೆ.

ನನ್ನ ಹತ್ತಿರ ಸ್ಟಾರ್ ಕೊಡುವ ಪದ್ಧತಿ ಇಲ್ಲ. ಇರುವುದು ಅಮ್ಮ. ಅಮ್ಮ ಟಿವಿ ಮುಂದೆ ಬರೀ ಕೈಯಲ್ಲಿ ಕೂರುವವಳಲ್ಲ. ಪಕ್ಕದಲ್ಲಿ ಮೊರ ಇರಲೇಬೇಕು. ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಸುಲಿಯೋದು, ಕಾಳು ನೆನೆಸಿದ್ದರೆ ಹಿತುಕೋದು, ಏನೂ ಇಲ್ಲ ಅಂದರೆ ಬೆಳ್ಳುಳ್ಳಿ. ಸಿನಿಮಾ ಸುಮಾರಾಗಿದ್ದರೆ ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ. ಚೆನ್ನಾಗಿದ್ದರೆ ನಿಧಾನ ಆಗುತ್ತದೆ. ತುಂಬಾ ಚೆನ್ನಾಗಿದ್ದರೆ ಪೂರ್ತಿ ನಿಂತೇಹೋಗುತ್ತದೆ, ಆಮೇಲೆ ಮಾರನೇ ದಿನ ಬೆಳಿಗ್ಗೆ ನನ್ನನ್ನು ಕೂರಿಸಿ ಉಳಿದ ಕಾಯಿ ಸುಲಿಸುತ್ತಾಳೆ. ಇದಕ್ಕಿಂತ ನಿಯತ್ತಿನ ರೇಟಿಂಗ್ ನಾನು ಎಲ್ಲೂ ನೋಡಿಲ್ಲ.

'ತಿಥಿ'ಯಿಂದ ಶುರು ಮಾಡುತ್ತೇನೆ. 2016ರಲ್ಲಿ ಥಿಯೇಟರಿಗೆ ಬಂದಾಗ ನಾನು ಮಿಸ್ ಮಾಡಿಕೊಂಡೆ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿದೆ ಅಂತ ಕೇಳಿ, ಓಹೋ ಇದು ಮೆಲ್ಲಗೆ ಹೋಗುವ ಅವಾರ್ಡ್ ಸಿನಿಮಾ ಅಂದುಕೊಂಡು ಬಿಟ್ಟಿದ್ದೆ. ನನ್ನ ದಡ್ಡತನ. ಆಮೇಲೆ ಮನೇಲಿ ಹಾಕಿದೆ, ಅಮ್ಮನ ಮೊರದ ತುಂಬ ಅವರೆಕಾಯಿ. ಊರ ದಾರಿಯಲ್ಲಿ ಕೂತು ಹೋಗೋ ಬರೋರಿಗೆಲ್ಲ ಬೈಯುವ ನೂರೊಂದು ವರ್ಷದ ಸೆಂಚುರಿ ಗೌಡ ಸಿನಿಮಾ ಶುರುವಿನಲ್ಲೇ ಸಾಯುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿಯವರೆಗೆ ಕಥೆ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತಿದ್ದೂ ಒಂದೇ, ಬದುಕಿದ್ದೂ ಒಂದೇ. ಬೀಡಿ, ಕ್ವಾರ್ಟರ್, ಹೊಲದ ಬದುವಿನ ಮೇಲೆ ನಡಿಗೆ, ಅಷ್ಟೇ ಅವನ ಪ್ರಪಂಚ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಮರಿಮೊಮ್ಮಗ ಅಭಿ ಕುರಿ ಕಾಯುವವರ ಹುಡುಗಿ ಹಿಂದೆ ಬಿದ್ದಿದ್ದಾನೆ. ಜಮೀನು ಇನ್ನೂ ಹಿರಿಯರ ಹೆಸರಲ್ಲೇ ಇದೆ, ಪಾಲಾಗಿಲ್ಲ, ಖಾತೆ ಆಗಿಲ್ಲ. ನಮ್ಮ ಕಡೆ ಯಾವ ಮನೇಲಿ ಈ ರಗಳೆ ಇಲ್ಲ ಹೇಳಿ? ಹತ್ತು ನಿಮಿಷಕ್ಕೆ ಅಮ್ಮನ ಕೈ ನಿಂತಿತು. "ಇದು ಸಿನಿಮಾನೋ, ನಮ್ ಚಿಕ್ಕಪ್ಪನ ಮನೆ ವಿಷಯನೋ ಮಗಾ?" ಅಂದಳು.

ನಟರು ಯಾರೂ ನಟರಲ್ಲ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಸುತ್ತಮುತ್ತಲಿನ ಊರಿನವರೇ. ಅದಕ್ಕೇ ಇರಬೇಕು, ಯಾರೂ ಡೈಲಾಗ್ ಹೊಡೆದ ಹಾಗೆ ಕಾಣುವುದಿಲ್ಲ. ಅವರು ಮಾತಾಡುತ್ತಿದ್ದಾರೆ, ನಾವು ಜಗುಲಿ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೇವೆ, ಹಾಗಿದೆ. ನಿರ್ದೇಶಕ ರಾಮ್ ರೆಡ್ಡಿಗೆ ಅದು ಮೊದಲ ಸಿನಿಮಾ, ಈರೇಗೌಡರ ಜೊತೆ ಸೇರಿ ಬರೆದದ್ದು. ಗಡ್ಡಪ್ಪ ಕುರಿಗಾಹಿಗಳ ಮುಂದೆ ತನ್ನ ಹಳೇ ಕಥೆ ಹೇಳುವ ಒಂದು ದೃಶ್ಯ ಇದೆ, ಅಲ್ಲಿವರೆಗೂ ನಗುತ್ತಿದ್ದ ನಾವಿಬ್ಬರೂ ಅಲ್ಲಿ ಸುಮ್ಮನಾದೆವು. ಒಂದೇ ಎಚ್ಚರಿಕೆ. ಬೈಗುಳ ಧಾರಾಳವಾಗಿದೆ. ಭಾವ ರಿಮೋಟ್ ಹುಡುಕಿದ್ದು ಇದಕ್ಕೇ. ಅತ್ತೆ ಮಾವನ ಜೊತೆ ಬೇಡ, ಒಬ್ಬರೇ ಆದರೂ ಸರಿ ನೋಡಿ.

'ಸು ಫ್ರಮ್ ಸೋ' ಇದಕ್ಕೆ ಪೂರ್ತಿ ಉಲ್ಟಾ. ಅದನ್ನು ಒಬ್ಬರೇ ನೋಡಬಾರದು. 2025ರ ಜುಲೈನಲ್ಲಿ ಬಂದಾಗ ಆಫೀಸಿನಲ್ಲಿ ಮೂರು ಜನ ಬೇರೆ ಬೇರೆಯಾಗಿ ಬಂದು ಹೇಳಿದರು, ಹೋಗು ಮಾರಾಯ ಅಂತ. ಅವರಲ್ಲಿ ಒಬ್ಬರೂ ಕಥೆ ಹೇಳಲಿಲ್ಲ, ಬರೀ ನಗುತ್ತಿದ್ದರು. ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನುವ ಹುಡುಗ ಮಾಡಬಾರದ ಕೆಲಸಕ್ಕೆ ಹೋಗಿ ಸಿಕ್ಕಿಬೀಳುವ ಹೊತ್ತಿಗೆ ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನೆ. ಊರು ನಂಬಿಬಿಡುತ್ತದೆ. ಬಂದಿರುವುದು ಸೋಮೇಶ್ವರದ ಸುಲೋಚನಾ ಅಂತ ತೀರ್ಮಾನ ಆಗುತ್ತದೆ, ಅಲ್ಲಿಗೆ ಟೈಟಲ್ಲೂ ಅರ್ಥ ಆಯಿತಲ್ಲ. ಆಮೇಲೆ ಆ ಸುಳ್ಳಿಂದ ಹೊರಗೆ ಬರಲು ಅವನಿಂದಲೇ ಆಗುವುದಿಲ್ಲ. ಬರೆದು, ನಿರ್ದೇಶಿಸಿ, ಅಶೋಕನಾಗಿಯೂ ನಟಿಸಿದ್ದು ಜೆ.ಪಿ. ತುಮಿನಾಡು. ಸಣ್ಣ ಬಜೆಟ್ಟಿನ ಸಿನಿಮಾ ನೂರು ಕೋಟಿ ದಾಟಿತು, ಅದೂ ಬಾಯಿ ಮಾತಿನ ಪ್ರಚಾರದಲ್ಲೇ.

ನನಗೆ ತುಂಬಾ ಇಷ್ಟ ಆಗಿದ್ದು ಶನೀಲ್ ಗೌತಮ್ ಮಾಡಿರುವ ರವಿಯಣ್ಣ. ಮದುವೆಗೂ ಅವನೇ, ಸಾವಿಗೂ ಅವನೇ, ಜಗಳ ಬಿಡಿಸಲೂ ಅವನೇ, ಮದುವೆ ಆಗದೆ ಉಳಿದವನೂ ಅವನೇ. ಪ್ರತಿ ಊರಲ್ಲೂ ಒಬ್ಬ ಇರುತ್ತಾನೆ, ಅಲ್ವಾ? ಥಿಯೇಟರಿನಲ್ಲಿ ಒಂದು ನಗು ಮುಗಿಯುವ ಮೊದಲು ಇನ್ನೊಂದು ಬಂದು ಎಷ್ಟೋ ಮಾತು ನನಗೆ ಕೇಳಿಸಲೇ ಇಲ್ಲ. ಅಮ್ಮನಿಗೆ ಮಂಗಳೂರು ಕಡೆಯ ಮಾತು ಹಿಡಿಯಲು ಐದು ನಿಮಿಷ ಬೇಕಾಯಿತು, ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೇ ನಕ್ಕಿದ್ದು. ರಾಜ್ ಬಿ. ಶೆಟ್ಟಿಯ ಗುರೂಜಿ ಬಂದಾಗ ಮೊದಮೊದಲು ಚೆನ್ನಾಗಿದೆ, ಆಮೇಲೆ ಸ್ವಲ್ಪ ಎಳೆದರು ಅನಿಸಿತು. ಎರಡನೇ ಅರ್ಧದಲ್ಲಿ ಒಬ್ಬ ಹೆಣ್ಣುಮಗಳ ಕಷ್ಟ ಬರುತ್ತದೆ, ಕೆಲವರಿಗೆ ಅದು ಭಾಷಣ ಅನಿಸಿದೆ, ನನಗೆ ಹಾಗೆ ಅನಿಸಲಿಲ್ಲ. ಆದರೆ ಆಮೇಲೆ ಮನೇಲಿ ಒಬ್ಬನೇ ಮತ್ತೆ ನೋಡಿದೆ ನೋಡಿ, ಅರ್ಧ ನಗುವೂ ಬರಲಿಲ್ಲ. ಅದೇ ಸಿನಿಮಾ, ಅದೇ ಮಾತು. ಪಕ್ಕದಲ್ಲಿ ನಗುವವರು ಇರಲಿಲ್ಲ ಅಷ್ಟೆ. ಹತ್ತು ಜನ ಸೇರಿದಾಗ ಹಾಕಿ, ಹಬ್ಬಕ್ಕೆ ನೆಂಟರು ಬಂದಾಗ.

'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ ಹೇಳುವಾಗ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ. 2023ರಲ್ಲಿ ಎರಡು ಭಾಗವಾಗಿ ಬಂತು, ಸೈಡ್ ಎ ಸೆಪ್ಟೆಂಬರಲ್ಲಿ, ಸೈಡ್ ಬಿ ನವೆಂಬರಲ್ಲಿ. ಸೈಡ್ ಎ ನೋಡಿ ಹೊರಗೆ ಬಂದವನು ಸ್ಕೂಟರ್ ಕೀ ಎಲ್ಲಿಟ್ಟೆ ಅಂತ ಮರೆತಿದ್ದೆ. ಮನು ಒಬ್ಬ ಸಾಹುಕಾರನ ಡ್ರೈವರ್. ಪ್ರಿಯಾ ಹಾಡುವ ಹುಡುಗಿ. ಇಬ್ಬರಿಗೂ ಒಂದು ಪುಟ್ಟ ಮನೆ ಬೇಕು. ಆ ಮನೆಯ ಆಸೆಗೆ ಮನು ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಅದು ಪ್ರೀತಿಗೋಸ್ಕರ ಮಾಡಿದ್ದಾ, ದುಡ್ಡಿಗೋಸ್ಕರ ಮಾಡಿದ್ದಾ ಅಂತ ನಾನೂ ನನ್ನ ಸ್ನೇಹಿತನೂ ಟೀ ಅಂಗಡಿ ಮುಂದೆ ಅರ್ಧ ಗಂಟೆ ಜಗಳ ಆಡಿದೆವು. ಪ್ರಿಯಾ ಆಗಿ ರುಕ್ಮಿಣಿ ವಸಂತ್ ಜೈಲಿನ ಜಾಲರಿ ಆಚೆ ನಿಂತು ಬರೀ ಕಣ್ಣಲ್ಲಿ ಮಾಡಿದ್ದನ್ನು ನಮ್ಮ ಎಷ್ಟೋ ಹೀರೋಗಳು ಇಡೀ ಸಿನಿಮಾದಲ್ಲಿ ಮಾಡುವುದಿಲ್ಲ. ಚರಣ್ ರಾಜ್ ಸಂಗೀತ ಇನ್ನೂ ನನ್ನ ಫೋನಲ್ಲಿದೆ.

ಸೈಡ್ ಬಿ ಅಷ್ಟು ಹಿಡಿಸಲಿಲ್ಲ. ಚೈತ್ರಾ ಆಚಾರ್ ಚೆನ್ನಾಗಿ ಮಾಡಿದ್ದಾರೆ, ತಪ್ಪು ಅವರದ್ದಲ್ಲ. ಮನು ಹೋಗಿ ಪ್ರಿಯಾಳನ್ನು ದೂರದಿಂದ ನೋಡೋದು, ವಾಪಸ್ ಬರೋದು, ಮತ್ತೆ ಹೋಗಿ ನೋಡೋದು. ಒಂದು ಹಂತದಲ್ಲಿ ಎದ್ದು ಹೋಗಿ ಮಾತಾಡಪ್ಪಾ ಒಂದ್ಸಲ ಅನ್ನುವಷ್ಟು ಸಿಟ್ಟು ಬಂತು. ಅದರ ಮೇಲೆ ನಾನು ನೋಡಿದ ಥಿಯೇಟರಿನಲ್ಲಿ (ಹೆಸರು ಬೇಡ) ಇಂಟರ್ವಲ್ ಆದಮೇಲೆ ಎಸಿ ಆಫ್ ಮಾಡಿದರು. ಒಳಗೆ ಹನ್ನೆರಡು ಜನ ಇದ್ದೆವು, ಕೇಳಲು ಹೋದರೆ "ಜನ ಕಮ್ಮಿ ಸಾರ್" ಅಂದರು. ಟಿಕೆಟ್ ದುಡ್ಡು ಮಾತ್ರ ಕಮ್ಮಿ ಮಾಡಲಿಲ್ಲ. ಹಾಗಾಗಿ ನನ್ನ ಸಿಟ್ಟಲ್ಲಿ ಸಿನಿಮಾದ ಪಾಲು ಎಷ್ಟು, ಸೆಕೆಯ ಪಾಲು ಎಷ್ಟು ಅಂತ ಹೇಳೋದು ಕಷ್ಟ. ಸೈಡ್ ಎ ನೋಡಿ. ಬಿ ನಿಮ್ಮಿಷ್ಟ.

ಟಿಕೆಟ್ ದುಡ್ಡು ಅಂದಾಗ ನೆನಪಾಯಿತು. 2025ರ ಸೆಪ್ಟೆಂಬರಲ್ಲಿ ನಮ್ಮ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ನಾವು ಖುಷಿಪಟ್ಟು ಮುಗಿಸುವ ಮೊದಲೇ ಹೈಕೋರ್ಟಿಂದ ತಡೆ ಬಂತು. ಅದಾದ ಕೆಲವೇ ದಿನಕ್ಕೆ, ಅಕ್ಟೋಬರ್ 2ಕ್ಕೆ, 'ಕಾಂತಾರ ಅಧ್ಯಾಯ 1' ಬಿಡುಗಡೆ. ನಾವು ಐದು ಜನ ಹೋಗಿ, ಮಕ್ಕಳಿಗೆ ಪಾಪ್‌ಕಾರ್ನ್ ಕೊಡಿಸಿ ಹೊರಗೆ ಬರುವಷ್ಟರಲ್ಲಿ ಭಾವನ ಮುಖ ನೋಡಲು ಆಗಲಿಲ್ಲ. ಸಿನಿಮಾ? ದೊಡ್ಡ ಪರದೆಗೇ ಮಾಡಿದ್ದು, ಕಾಡು, ರಥ, ಯುದ್ಧ, ಎಲ್ಲ ಭರ್ಜರಿ. ಅಜನೀಶ್ ಲೋಕನಾಥ್ ಸಂಗೀತ ಎದೆ ನಡುಗಿಸುತ್ತದೆ. ಆದರೆ 2022ರ 'ಕಾಂತಾರ'ದಲ್ಲಿ ಕೊನೆಯ ಇಪ್ಪತ್ತು ನಿಮಿಷ ಇಡೀ ಥಿಯೇಟರ್ ಉಸಿರು ಬಿಗಿಹಿಡಿದು ಕೂತಿತ್ತಲ್ಲ, ಅದು ಇಲ್ಲಿ ಸಿಗಲಿಲ್ಲ. ಅಲ್ಲಿ ಶಿವ ಅನ್ನುವ ಪೋಲಿ ಹುಡುಗ ನಮ್ಮವನಾಗಿದ್ದ, ಅವನಿಗೆ ಏನಾಗುತ್ತೋ ಅಂತ ಭಯ ಇತ್ತು. ಇಲ್ಲಿ ರಿಷಬ್ ಶುರುವಿಂದಲೇ ಗೆಲ್ಲುವವನ ಹಾಗೆ ಕಾಣುತ್ತಾರೆ. ಮೊದಲನೆಯದನ್ನು ಮನೇಲೂ ನೋಡಬಹುದು. ಇದನ್ನು ಟಿವಿಯಲ್ಲಿ ನೋಡಿದರೆ ಅರ್ಧ ಮಜಾ ಹೋಯಿತು.

ಸಣ್ಣದಾಗಿ ಬಂದು ಸಣ್ಣದಾಗಿ ಹೋದ ಎರಡು ಸಿನಿಮಾ ಇವೆ, ಎರಡೂ 2024ರವು. 'ಶಾಖಾಹಾರಿ'ಯಲ್ಲಿ ರಂಗಾಯಣ ರಘು ಮಲೆನಾಡಿನ ಒಂದು ಸಸ್ಯಾಹಾರಿ ಹೋಟೆಲಿನ ಭಟ್ಟ. ದೋಸೆ ಹೊಯ್ಯುವ ಕೈ, ಮಳೆ, ಖಾಲಿ ರಸ್ತೆ, ಮತ್ತೆ ಬೇಡದ ಹೊತ್ತಲ್ಲಿ ಬಂದು ಸೇರುವ ಒಬ್ಬ ಮನುಷ್ಯ. ಇನ್ನು ಹೇಳಲ್ಲ. ಇಷ್ಟು ವರ್ಷ ಕಾಮಿಡಿಗೆ ಅಂತ ಕಿರುಚಿಸಿದ ರಘು ಅವರನ್ನು ಇಲ್ಲಿ ಮೆತ್ತಗೆ ಮಾತಾಡಲು ಬಿಟ್ಟಿದ್ದಾರೆ, ಆ ಒಂದಕ್ಕೇ ನೋಡಬೇಕು. ಅಮ್ಮನ ಕೈ ಎರಡು ಸಲ ನಿಂತಿತು, "ಆ ಬಾಣಲೆ ಇನ್ಮೇಲೆ ನಾ ಮುಟ್ಟಲ್ಲ" ಅಂದಳು. ಹೋಟೆಲ್ ಊಟದ ಮುಂಚೆ ನೋಡಬೇಡಿ. ಇನ್ನೊಂದು 'ಬ್ಲಿಂಕ್', ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ. ಫೋನ್ ದೂರ ಇಟ್ಟು ನೋಡಿ, ಎರಡು ನಿಮಿಷ ಆಚೀಚೆ ನೋಡಿದರೂ ದಾರಿ ತಪ್ಪುತ್ತದೆ. ನಾನು ಎರಡು ಸಲ ನೋಡಿದೆ, ಕಾಗದದ ಮೇಲೆ ಗೀಟು ಎಳೆದುಕೊಂಡು ಅರ್ಥ ಮಾಡಿಕೊಂಡೆ.

'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ನೀವು ಹಾಸ್ಟೆಲಲ್ಲಿ ಇದ್ದವರಾದರೆ ಹೌದು, ಇಲ್ಲದಿದ್ದರೆ ತಲೆನೋವು. ಕ್ಯಾಮೆರಾ ಒಂದು ಕಡೆ ನಿಲ್ಲುವುದಿಲ್ಲ. 'ಡೇರ್‌ಡೆವಿಲ್ ಮುಸ್ತಫಾ' ಮಕ್ಕಳಿಗೆ ತೋರಿಸಿ. ತೇಜಸ್ವಿಯವರ ಕಥೆ, ಅವರ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಒಬ್ಬ ಮುಸ್ತಫಾ ಬರುತ್ತಾನೆ, ಮುಂದೆ ಒಂದು ಕ್ರಿಕೆಟ್ ಮ್ಯಾಚು. ಅಕ್ಕನ ಮಗಳು ಆ ಮ್ಯಾಚಿಗೆ ಸೋಫಾ ಮೇಲೆ ಹತ್ತಿ ಕುಣಿದಳು.

'777 ಚಾರ್ಲಿ' ಬಗ್ಗೆ ಯಾರಿಗೂ ಹೇಳಬೇಕಾಗಿಲ್ಲ. ಮೈಸೂರಿನ ಒಬ್ಬ ಒಂಟಿ ಸಿಡುಕ, ಒಂದು ನಾಯಿ, ಹಿಮ ನೋಡಲು ಹೊರಟ ಪ್ರಯಾಣ. ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರೇ ನೋಡಿ ಕಣ್ಣೀರು ಹಾಕಿದ್ದರು, ನಮ್ಮಮ್ಮನದು ಯಾವ ಲೆಕ್ಕ. ಅರ್ಧ ಗಂಟೆ ಕತ್ತರಿಸಬಹುದಿತ್ತು. ಅದನ್ನು ಮನೇಲಿ ಹೇಳಿದ್ದಕ್ಕೆ ನನಗೆ ಎದೆಯೇ ಇಲ್ಲ ಅಂತ ಅಕ್ಕ ಬೈದಳು.

'ಉಳಿದವರು ಕಂಡಂತೆ' ಮಾತ್ರ ನನಗೂ ಅಮ್ಮನಿಗೂ ಒಮ್ಮತ ಆಗದ ವಿಷಯ. 2014ರಲ್ಲಿ ಬಂದಾಗ ಜನ ಹೋಗಲಿಲ್ಲ, ಈಗ ಎಲ್ಲರೂ ಆಗಲೇ ನೋಡಿದ್ದೆ ಅನ್ನುತ್ತಾರೆ. ಮಲ್ಪೆಯ ಸಮುದ್ರ, ಹುಲಿವೇಷ, ಒಂದೇ ಘಟನೆಯನ್ನು ಬೇರೆ ಬೇರೆಯವರು ಕಂಡ ಹಾಗೆ ಹೇಳುವ ರೀತಿ, ನನಗೆ ಪ್ರಾಣ. ಅಮ್ಮ ಒಂದು ಕೆಜಿ ಬೆಳ್ಳುಳ್ಳಿ ಬಿಡಿಸಿ ಮುಗಿಸಿ, ಡಬ್ಬಿಗೆ ತುಂಬಿ, ಮಲಗಿದಳು. ಬೆಳಿಗ್ಗೆ ಎದ್ದು "ಕೊನೆಗೆ ಯಾರು ಕೊಂದಿದ್ದು?" ಅಂತ ಕೇಳಿದಳು, ಅಷ್ಟೆ.

ಏನೂ ತೋಚದಿದ್ದರೆ ನಮ್ಮ ಮನೇಲಿ ಅನಂತ್ ನಾಗ್. 'ಗಣೇಶನ ಮದುವೆ' ಎಷ್ಟು ಸಲ ಆಗಿದೆಯೋ ಲೆಕ್ಕ ಇಲ್ಲ. 1990ರ ವಠಾರ, ಓನರ್ ಆಗಿ ಮುಖ್ಯಮಂತ್ರಿ ಚಂದ್ರು, ಮನೆ ಮನೆಯ ಕಿತ್ತಾಟ. ಇದರಲ್ಲಿ ಅಮ್ಮನ ಕೈ ನಿಲ್ಲುವುದಿಲ್ಲ, ಆದರೆ ಬಾಯಿ ಎಲ್ಲ ಡೈಲಾಗನ್ನೂ ಒಂದು ಸೆಕೆಂಡ್ ಮುಂಚೆ ಹೇಳುತ್ತಿರುತ್ತದೆ. 'ಬೆಳದಿಂಗಳ ಬಾಲೆ'ಯನ್ನು ಅಕ್ಕನ ಮಗಳಿಗೆ ತೋರಿಸಿದೆ. ಫೋನಲ್ಲಿ ಬರೀ ದನಿ ಕೇಳಿಸಿ, ನನ್ನನ್ನು ಹುಡುಕು ಅನ್ನುವ ಹುಡುಗಿ, ಹುಡುಕುತ್ತಾ ಅಲೆಯುವ ಚೆಸ್ ಆಟಗಾರ, ಕೊನೆವರೆಗೂ ಅವಳ ಮುಖ ತೋರಿಸುವುದೇ ಇಲ್ಲ. ನಾನು ಕಣ್ಣು ಒರೆಸಿಕೊಳ್ಳುತ್ತಿದ್ದರೆ ಅವಳು "ಮಾಮ, ಟ್ರೂಕಾಲರ್ ಇರ್ಲಿಲ್ವಾ?" ಅಂದಳು.

ಈ ವಾರ ಅಕ್ಕನ ಮನೆಯವರು ನಮ್ಮಲ್ಲಿಗೇ ಬರುತ್ತಿದ್ದಾರೆ. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಹಾಕೋಣ ಅಂತಿದ್ದೇನೆ, ಭಾವ ಇನ್ನೂ ನೋಡಿಲ್ಲವಂತೆ. ಮರೆವಿನ ಕಾಯಿಲೆ ಇರುವ ಅಪ್ಪ ಕಳೆದುಹೋಗಿ ಮಗ ಹುಡುಕುವ ಕಥೆ, ಅನಂತ್ ನಾಗ್ ಇದ್ದಾರೆ, ಅತ್ತೆ ಮಾವ ಪಕ್ಕದಲ್ಲಿದ್ದರೂ ತೊಂದರೆ ಇಲ್ಲ. ಅಮ್ಮ ಆಗಲೇ ಮೂರು ಕೆಜಿ ಅವರೆಕಾಯಿ ತರಿಸಿಟ್ಟಿದ್ದಾಳೆ. ಭಾನುವಾರ ಬೆಳಿಗ್ಗೆ ಅದರಲ್ಲಿ ಎಷ್ಟು ನನ್ನ ಪಾಲಿಗೆ ಉಳಿಯುತ್ತದೋ ನೋಡಬೇಕು.