ಕಾರಿನ ಡಿಕ್ಕಿ ನಡುಗಿಸಿದ ಹನ್ನೆರಡು ಡಾಲರಿನ ಸೀಡಿ

ಮೊದಲು ನಂಬರ್ ಪ್ಲೇಟಿನ ವಿಷಯ ಹೇಳಿಬಿಡ್ತೀನಿ. ಅಮೆರಿಕದ ರ‍್ಯಾಪರ್ ಬಿಗ್ ಕ್ರಿಟ್‌ನ ‘ಲೈವ್ ಫ್ರಮ್ ದಿ ಅಂಡರ್‌ಗ್ರೌಂಡ್’ ಆಲ್ಬಮ್ಮನ್ನ ಕಾರಿನಲ್ಲಿ ಜೋರಾಗಿ ಹಾಕಿದರೆ ಬೇಸ್ ಬಿದ್ದಾಗೆಲ್ಲ ಹಿಂದಿನ ನಂಬರ್ ಪ್ಲೇಟ್ ಚರಚರ ಅಂತ ಅದುರುತ್ತೆ, ಹಾಡು ಪೂರಾ ಕೆಡುತ್ತೆ. ಪ್ಲೇಟ್ ಬಿಚ್ಚಿ, ಬೆನ್ನಿಗೆ ಕಿಟಕಿ ಸಂದಿಗೆ ಹಾಕೋ ಫೋಮ್ ಪಟ್ಟಿ ನಾಲ್ಕು ಕಡೆ ಅಂಟಿಸಿ, ಮತ್ತೆ ಸ್ಕ್ರೂ ಬಿಗಿ ಮಾಡಿದ ಮೇಲೆ ನನಗೆ ಈ ಆಲ್ಬಮ್ ಸರಿಯಾಗಿ ಕೇಳಿಸಿದ್ದು. ಅಷ್ಟು ಹೊತ್ತಿಗೆ ಇದು ದಂಡ ಅಂತ ತೀರ್ಮಾನ ಮಾಡಿ ಮೂರು ತಿಂಗಳಾಗಿತ್ತು.

2012ರಲ್ಲಿ ನಾನು ಅಲಬಾಮಾದ ಟಸ್ಕಲೂಸಾದಲ್ಲಿ ಓದ್ತಿದ್ದೆ. ಸ್ಟೈಪೆಂಡಿನಲ್ಲಿ ಬಾಡಿಗೆ, ಅಕ್ಕಿ, ಪೆಟ್ರೋಲು ಕಳೆದು ಉಳೀತಿದ್ದದ್ದು ಅಷ್ಟಕ್ಕಷ್ಟೇ. ಜೂನ್ 5ಕ್ಕೆ ಆಲ್ಬಮ್ ಬಂತು, ಅದೇ ವಾರ ಹನ್ನೆರಡು ಡಾಲರ್ ಕೊಟ್ಟು ಸೀಡಿ ತಂದೆ. ಅದು ನನ್ನ ಮೂರು ದಿನದ ಊಟದ ದುಡ್ಡು. ಆದರೂ ಕೊಂಡೆ, ಯಾಕಂದ್ರೆ ಆ ಮನುಷ್ಯನ ಋಣ ನನ್ನ ಮೇಲಿತ್ತು. 2010ರ ‘ಕ್ರಿಟ್ ವಾಸ್ ಹಿಯರ್’, 2011ರ ‘ರಿಟರ್ನ್ ಆಫ್ ಫಾರೆವರ್’, 2012ರ ಮಾರ್ಚಿನಲ್ಲಿ ಬಂದ ಇನ್ನೊಂದು, ಎಲ್ಲ ಅವನು ಪುಕ್ಕಟೆ ಹಂಚಿದ ಮಿಕ್ಸ್‌ಟೇಪ್‌ಗಳು, ಅಂದ್ರೆ ಹಾಡಿನ ಸಂಕಲನಗಳು. ಎರಡು ವರ್ಷ ಪುಕ್ಕಟೆ ಉಂಡವನು ಡೆಫ್ ಜಾಮ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿಯಿಂದ ಮೊದಲ ಆಲ್ಬಮ್ ಬಂದಾಗಲಾದರೂ ದುಡ್ಡು ಕೊಡಬೇಕಲ್ವಾ?

ರಾತ್ರಿ ಹನ್ನೊಂದಕ್ಕೆ ಲ್ಯಾಬ್ ಮುಗಿಸಿ ಕಾರಿಗೆ ಬರೋದು, ಸೀಡಿಯನ್ನ ಅಂಗಿಯ ತುದಿಗೆ ಒಂದು ಸಲ ಒರೆಸೋದು, ಅದು ಒಳಗೆ ಹೋಗಿ ಗಿರ್ ಅಂತ ಎರಡು ಸುತ್ತು ಸುತ್ತಿ ನಿಲ್ಲೋವರೆಗೆ ಎಂಜಿನ್ ಸ್ಟಾರ್ಟ್ ಮಾಡದೆ ಕಾಯೋದು. ಇದನ್ನ ದಿನಾ ಮಾಡ್ತಿದ್ದೆ. ದಿನಾ ನಿರಾಸೆ ಆಗ್ತಿತ್ತು.

ಕಾರಣ ಇದೆ. ಪುಕ್ಕಟೆ ಮಿಕ್ಸ್‌ಟೇಪಿನಲ್ಲಿ ಹಳೆಯ ಸೋಲ್ ಸಂಗೀತದ (ಅಮೆರಿಕದ ಕಪ್ಪುಜನರ ಭಾವ ತುಂಬಿದ ಹಾಡುಗಳ) ರೆಕಾರ್ಡುಗಳ ತುಣುಕುಗಳನ್ನ ಕೈಬಿಚ್ಚಿ ಬಳಸ್ತಿದ್ದ. ಆ ಧೂಳು ಹಿಡಿದ ದನಿ, ಹಿಂದೆ ಎಲ್ಲೋ ಹೆಂಗಸೊಬ್ಬಳು ಹಾಡ್ತಿರೋ ಹಾಗೆ ಬರೋ ಒಂದು ಎಳೆ, ಅದಕ್ಕೇ ನಾನು ಸೋತಿದ್ದು. ದುಡ್ಡಿಗೆ ಮಾರೋ ಆಲ್ಬಮ್ ಅಂದ್ರೆ ಅಂಥ ಒಂದೊಂದು ತುಣುಕಿಗೂ ಅನುಮತಿ ಬೇಕು, ಹಕ್ಕುದಾರರಿಗೆ ಹಣ ಕಟ್ಟಬೇಕು. ಇಲ್ಲಿ ನನ್ನ ಕಿವಿಗೆ ಬಿದ್ದದ್ದು ಹೆಚ್ಚಾಗಿ ಹೊಸದಾಗಿ ನುಡಿಸಿದ ವಾದ್ಯಗಳು. ಚೊಕ್ಕಟವಾಗಿತ್ತು, ನಿಜ. ಆದರೆ ಆ ಧೂಳು ಹೋಗಿತ್ತು. ಸಾಲದ್ದಕ್ಕೆ ಹಾಡಿಗೊಬ್ಬ ಅತಿಥಿ. ಕ್ಲಬ್ಬಿನಲ್ಲಿ ನೋಟು ತೂರೋ ಹಾಡೊಂದಿದೆ, ಹತ್ತು ವರ್ಷ ಕಳೆದರೂ ನಾನದನ್ನ ಪೂರ್ತಿ ಕೇಳಿಲ್ಲ, ಇವತ್ತಿಗೂ ಮುಂದಕ್ಕೆ ಓಡಿಸ್ತೀನಿ.

ಸೆಪ್ಟೆಂಬರಿನಲ್ಲಿ ಜೊತೆಗಿದ್ದ ಹುಡುಗನೊಬ್ಬ ಊರು ಬಿಡುವಾಗ ಹನ್ನೆರಡು ಇಂಚಿನ ಸಬ್‌ವೂಫರನ್ನ, ಅಂದ್ರೆ ಬೇಸ್ ಹೊರಡಿಸೋ ದೊಡ್ಡ ಸ್ಪೀಕರನ್ನ, ಪೆಟ್ಟಿಗೆ, ಆಂಪ್ ಸಮೇತ ನಲವತ್ತು ಡಾಲರಿಗೆ ಕೊಟ್ಟ. ಡಿಕ್ಕಿಯಲ್ಲಿ ಇಟ್ಟು ವೈರ್ ಎಳೆದು ಹಾಕಿದ ಮೊದಲ ಹಾಡು, ಇದೇ ಆಲ್ಬಮ್ಮಿನ ‘ಮೈ ಸಬ್’ ಎರಡನೇ ಭಾಗ. ಡಿಕ್ಕಿಯ ವೂಫರಿನ ಮೇಲೇ ಬರೆದ ಹಾಡು ಅದು. ಕಿವಿಗಿಂತ ಮುಂಚೆ ಬೆನ್ನಿಗೆ ಗೊತ್ತಾಯ್ತು. ರಿಯರ್‌ವ್ಯೂ ಕನ್ನಡಿಯಲ್ಲಿ ಹಿಂದಿನ ಗಾಡಿಯ ದೀಪ ಎರಡೆರಡಾಗಿ ಕಾಣಿಸ್ತು, ಕಪ್ ಹೋಲ್ಡರಿನಲ್ಲಿದ್ದ ಚಿಲ್ಲರೆ ಕುಣೀತು, ಆಮೇಲೆ ಆ ನಂಬರ್ ಪ್ಲೇಟ್. ಮೂರು ತಿಂಗಳಿಂದ ನಾನು ಕೇಳಿದ್ದು ಅರ್ಧ ಆಲ್ಬಮ್ ಮಾತ್ರ. ಉಳಿದರ್ಧ ನನ್ನ ಬಾಗಿಲಿನ ಪುಟ್ಟ ಸ್ಪೀಕರಿನಿಂದ ಹೊರಗೇ ಬಂದಿರಲಿಲ್ಲ.

ಮುಂದಿನ ಭಾನುವಾರ ಮೆರಿಡಿಯನ್‌ಗೆ ಹೊರಟೆ. ಮಿಸಿಸಿಪಿಯ ಆ ಊರು ಅವನದು. ಟಸ್ಕಲೂಸಾದಿಂದ ಒಂದೂವರೆ ಗಂಟೆ ದಾರಿ, 20 ಮತ್ತು 59ನೇ ಹೆದ್ದಾರಿ ಒಂದಾಗಿ ಓಡುತ್ತವೆ. ಎರಡೂ ಕಡೆ ಪೈನ್ ಕಾಡು, ಮುಂದೆ ಮರದ ದಿಮ್ಮಿ ಹೊತ್ತ ಲಾರಿಗಳು. ಆ ದಾರಿಯಲ್ಲಿ ಅತಿಥಿಗಳ ಸಂತೆ ನನಗೆ ಬೇರೆ ಥರ ಕೇಳಿಸ್ತು. ಎಯ್ಟ್‌ಬಾಲ್ ಮತ್ತು ಎಂಜೆಜಿ ಮೆಂಫಿಸ್‌ನವರು, ಲುಡಾಕ್ರಿಸ್ ಅಟ್ಲಾಂಟಾದವನು, ಬನ್ ಬಿ ಟೆಕ್ಸಸ್‌ನ ಪೋರ್ಟ್ ಆರ್ಥರ್‌ನವನು, ಡೆವಿನ್ ದಿ ಡ್ಯೂಡ್ ಹ್ಯೂಸ್ಟನ್ನಿನವನು, ಆಂಟನಿ ಹ್ಯಾಮಿಲ್ಟನ್ ಶಾರ್ಲಟ್‌ನವನು. ದೊಡ್ಡ ಕಂಪನಿಯ ಬಾಗಿಲು ತೆಗೆದಾಗ ಇವನು ಒಬ್ಬನೇ ಒಳಗೆ ಹೋಗಲಿಲ್ಲ, ಅಮೆರಿಕದ ದಕ್ಷಿಣದ ಊರೂರಿನ ಹಿರಿಯ ರ‍್ಯಾಪರು, ಗಾಯಕರನ್ನ ಜೊತೆಗೆ ಕರ್ಕೊಂಡು ಹೋದ. 1995ರಲ್ಲಿ ನ್ಯೂಯಾರ್ಕಿನ ಪ್ರಶಸ್ತಿ ಸಮಾರಂಭದಲ್ಲಿ ಸಭೆ ಕೂಗಾಡ್ತಿದ್ದಾಗ ಅಟ್ಲಾಂಟಾದ ರ‍್ಯಾಪ್ ಜೋಡಿ ಔಟ್‌ಕಾಸ್ಟ್‌ನ ಆಂಡ್ರೆ ಮೈಕ್ ಹಿಡಿದು ದಕ್ಷಿಣಕ್ಕೂ ಹೇಳೋದಿದೆ ಅಂದಿದ್ದನಲ್ಲ, ಆ ಮಾತಿನ ನೆರಳಲ್ಲೇ ಬೆಳೆದ ಹುಡುಗ ಇವನು. ನನಗೆ ಕಂಪನಿಯ ಒತ್ತಡದ ಹಾಗೆ ಕಂಡದ್ದು ಅವನ ಗೌರವ ಆಗಿತ್ತು.

ಆದರೆ ಹನ್ನೆರಡು ಡಾಲರ್ ವಸೂಲಾದದ್ದು ‘ಪ್ರೇಯಿಂಗ್ ಮ್ಯಾನ್’ನಲ್ಲಿ. ಗುಲಾಮಗಿರಿಯ ಕಾಲದ ನೋವು ಹೇಳೋ ಹಾಡು. ಅದರಲ್ಲಿ ಬ್ಲೂಸ್ ಗಿಟಾರಿನ ದೊಡ್ಡ ಹೆಸರು ಬಿ.ಬಿ. ಕಿಂಗ್ ಇದ್ದಾರೆ. ಅವರೂ ಮಿಸಿಸಿಪಿಯವರೇ, ಆಗ 86 ವರ್ಷ. ಆ ವಯಸ್ಸಿನಲ್ಲೂ ಗಿಟಾರು ಸ್ವರಗಳನ್ನ ಸುರಿಯೋದಿಲ್ಲ. ಒಂದು ಸ್ವರ ಹಿಡಿದು, ಬೆರಳಿನಲ್ಲೇ ಅದನ್ನ ನಡುಗಿಸಿ, ಸುಮ್ಮನಾಗ್ತಾರೆ. ಗಮಕ ಕೇಳಿ ಬೆಳೆದ ಕಿವಿಗೆ ಅದನ್ನ ಯಾರೂ ವಿವರಿಸಬೇಕಾಗಿಲ್ಲ. ಇಪ್ಪತ್ತರ ಹರೆಯದ ಮೆರಿಡಿಯನ್ ಹುಡುಗ, ಅವನ ಪಕ್ಕ ತಾತನ ವಯಸ್ಸಿನ ಬ್ಲೂಸ್ ದನಿ. ಹಳೆಯ ರೆಕಾರ್ಡಿನ ತುಣುಕು ಇಲ್ಲ ಅಂತ ಕೊರಗ್ತಿದ್ದೆ, ಅವನು ಹಳೆಯ ರೆಕಾರ್ಡುಗಳ ಮನುಷ್ಯನನ್ನೇ ಕೂರಿಸಿ ಹಾಡಿಸಿದ್ದ. ಮೆರಿಡಿಯನ್ ತಲುಪೋ ಮುಂಚೆ ಆ ಹಾಡನ್ನ ನಾಲ್ಕು ಸಲ ಹಾಕಿದೆ, ಊರೊಳಗೆ ಬರುವಾಗ ವಾಲ್ಯೂಮ್ ತಗ್ಗಿಸಿದೆ. ಅವರು 2015ರಲ್ಲಿ ತೀರಿಕೊಂಡ ದಿನ ಕಾರಿನಲ್ಲಿ ಕೂತು ಇದನ್ನೊಂದೇ ಕೇಳಿದ್ದು.

ಕ್ರಿಟ್ ಆಮೇಲೆ ಡೆಫ್ ಜಾಮ್‌ನಿಂದ ಹೊರಬಂದ. 2017ರಲ್ಲಿ ಸ್ವಂತವಾಗಿ ತಂದ ಜೋಡಿ ಆಲ್ಬಮ್ ಇದಕ್ಕಿಂತ ಒಂದು ಕೈ ಮೇಲು, ಅದನ್ನ ಒಪ್ಕೋತೀನಿ. ಹೊಸಬರು ಅಲ್ಲಿಂದಲೇ ಶುರು ಮಾಡಿ. ಇದಕ್ಕೆ ಬರುವಾಗ ಮಾತ್ರ ಫೋನು, ಇಯರ್‌ಫೋನು ಬೇಡ. ಮನೆಯಲ್ಲಿ ಕೇಳೋದಾದರೂ ವೂಫರ್ ಇರೋ ಸೆಟ್ ಬೇಕು. ಅದಿಲ್ಲ ಅಂದ್ರೆ ‘ಪ್ರೇಯಿಂಗ್ ಮ್ಯಾನ್’ ಒಂದು ಕೇಳಿ, ಅದು ಎಲ್ಲಿ ಹಾಕಿದರೂ ನಿಲ್ಲುತ್ತೆ.

ನಾನೀಗ ಬೆಂಗಳೂರಿನಲ್ಲಿದ್ದೀನಿ. ಈಗಿನ ಕಾರಿನಲ್ಲಿ ಸೀಡಿ ಹಾಕೋ ಜಾಗವೇ ಇಲ್ಲ, ಹಾಡುಗಳನ್ನ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ವೂಫರ್ ಹೋದ ವರ್ಷ ಹಾಕಿಸಿದೆ. ಒಂದು ವಿಷಯ ಮೊದಲೇ ತಿಳ್ಕೊಳ್ಳಿ: ಇಲ್ಲಿನ ಹೈ ಸೆಕ್ಯೂರಿಟಿ ನಂಬರ್ ಪ್ಲೇಟನ್ನ ಸ್ಕ್ರೂ ತೆಗೆದು ಬಿಚ್ಚೋಕಾಗಲ್ಲ, ಸ್ನ್ಯಾಪ್ ಲಾಕ್ ಇರುತ್ತೆ. ಫೋಮನ್ನ ಸಣ್ಣಗೆ ಕತ್ತರಿಸಿ, ಸ್ಟೀಲ್ ಸ್ಕೇಲಿನ ತುದಿಯಿಂದ ಸಂದಿಗೆ ತಳ್ಳಬೇಕು. ಕೆಳಗಿನ ಎರಡು ಮೂಲೆಗೆ ಹಾಕಿದರೆ ಸಾಕು, ಚರಚರ ನಿಲ್ಲುತ್ತೆ.