ಕೋಚಿಂಗಿಗೆ ಕೊಟ್ಟ ಹಣ ಗಲ್ಲಾಪೆಟ್ಟಿಗೆಗೆ ವಾಪಸ್ ಬರುತ್ತದೆಯೇ?

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲೋ ಬದಿಯಡ್ಕದಲ್ಲೋ ದಿನಸಿ ಅಂಗಡಿ ಇಟ್ಟವರಿಗೆ, ಅಡಕೆಯ ಹಾಳೆತಟ್ಟೆ ಒತ್ತುವವರಿಗೆ, ಉಪ್ಪಳದ ಬೇಕರಿಯವರಿಗೆ ಲೈಫ್ ಕೋಚಿಂಗ್ ಎಂದ ಕೂಡಲೇ ಕಣ್ಣಿಗೆ ಬರುವುದು ಹೋಟೆಲ್ ಹಾಲಿನಲ್ಲಿ ಮೈಕ್ ಹಿಡಿದು ಚಪ್ಪಾಳೆ ಹೊಡೆಸುವ ಒಂದು ದಿನದ ಶಿಬಿರ. ಈ ವಿಮರ್ಶೆ ಅದರದ್ದಲ್ಲ. ಒಬ್ಬ ಕೋಚ್, ಒಬ್ಬ ಮಾಲಕ, ಎರಡು ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಒಟ್ಟು ಆರು ಸಿಟ್ಟಿಂಗ್: ಎದುರು ಕೂತೋ ವೀಡಿಯೊ ಕಾಲಿನಲ್ಲೋ ನಡೆಯುವ ಸೇವೆ. ತೀರ್ಪು ಮೊದಲೇ ಹೇಳುವುದಾದರೆ, ಆರು ಸಿಟ್ಟಿಂಗಿನದ್ದು ತೆಗೆದುಕೊಳ್ಳಬಹುದು. ವರ್ಷದ ಪ್ಯಾಕೇಜು ಬೇಡ.

ಲೆಕ್ಕ ಹೀಗೆ. ಸಿಟ್ಟಿಂಗಿಗೆ 1,500 ರೂಪಾಯಿ ಎಂದಿಟ್ಟುಕೊಳ್ಳಿ, ಆರಕ್ಕೆ 9,000. ಕೋಚ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಶೇ. 18 ಸೇರಿ 10,620. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಕಾಂಪೊಸಿಷನ್ ಸ್ಕೀಮಿನಲ್ಲಿರುವ (ಒಟ್ಟು ವ್ಯಾಪಾರದ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ) ಅಂಗಡಿಗೆ ಈ ತೆರಿಗೆ ವಾಪಸ್ ಸಿಗುವುದಿಲ್ಲ, ಪೂರ್ತಿ ಕೈಯಿಂದಲೇ. ದಿನಸಿಯಲ್ಲಿ ನೂರಕ್ಕೆ 12 ಉಳಿಯುತ್ತದೆ ಎಂದರೆ ಈ 10,620 ಹುಟ್ಟಲು 88,500 ರೂಪಾಯಿಯ ಹೆಚ್ಚುವರಿ ವ್ಯಾಪಾರ ಆಗಬೇಕು. ಮಾತಾಡಿ ಮನಸ್ಸು ಹಗುರವಾಯಿತು ಎಂಬಷ್ಟಕ್ಕೆ ಇದು ದುಬಾರಿಯೇ.

ಆದರೆ ವ್ಯಾಪಾರ ಹೆಚ್ಚಿಸದೆಯೂ ಈ ಹಣ ಹುಟ್ಟುವ ಜಾಗವೊಂದಿದೆ: ಸಾಲದ ಪುಸ್ತಕ. ತಿಂಗಳಿಗೆ ಮೂರು ಲಕ್ಷ ವ್ಯಾಪಾರದ ಅಂಗಡಿಯಲ್ಲಿ 90,000 ಬಾಕಿ ನಿಂತಿದೆ ಎನ್ನಿ. ಅದು ಮುಳುಗಿದರೆ ಅಷ್ಟೇ ಹಣ ಮತ್ತೆ ದುಡಿಯಲು ಏಳೂವರೆ ಲಕ್ಷದ ಸಾಮಾನು ಮಾರಬೇಕು, ಅಂದರೆ ಎರಡೂವರೆ ತಿಂಗಳ ದುಡಿಮೆ. ಈ ಲೆಕ್ಕ ಮಾಲಕರಿಗೆ ಗೊತ್ತಿಲ್ಲವೆಂದಲ್ಲ. ಕೇಳಲು ಬಾಯಿ ಬರುವುದಿಲ್ಲ. ಬಾಕಿ ಇಟ್ಟವರು ನೆಂಟರು, ದೇವಸ್ಥಾನದ ಸಮಿತಿಯಲ್ಲಿ ಜೊತೆಗಿರುವವರು, ಮಗನ ಮಾಷ್ಟ್ರು. ಲೆಕ್ಕಪತ್ರದವರು ಬಾಕಿಯ ಮೊತ್ತ ತೋರಿಸಿ ಸುಮ್ಮನಾಗುತ್ತಾರೆ. ಕೋಚ್ ಮಾಡಬೇಕಾದ ಕೆಲಸ ಅಲ್ಲಿಂದ ಶುರು.

ಒಳ್ಳೆಯ ಸಿಟ್ಟಿಂಗಿನಲ್ಲಿ ನಾಲ್ಕು ಮೆಟ್ಟಿಲು ಇರುತ್ತವೆ: ಏನು ಬೇಕು, ಈಗ ಹೇಗಿದೆ, ಏನೆಲ್ಲ ಮಾಡಬಹುದು, ಯಾವುದನ್ನು ಯಾವ ದಿನ ಮಾಡುತ್ತೀರಿ. ಬಾಕಿಯ ವಿಷಯಕ್ಕೆ ಇದನ್ನು ಹಾಕಿದರೆ, ಮಾಲಕರು ಪುಸ್ತಕ ತೆರೆದು ಹೆಸರುಗಳನ್ನು ಮೂರು ಪಾಲು ಮಾಡುತ್ತಾರೆ: ತಿಂಗಳೊಳಗಿನದು, ಮೂರು ತಿಂಗಳೊಳಗಿನದು, ಅದಕ್ಕೂ ಹಳೆಯದು. ಕೋಚ್ ಕೇಳುವ ಪ್ರಶ್ನೆ, "ಇದರಲ್ಲಿ ಕೇಳಲು ಅತಿ ಕಷ್ಟದ ಹೆಸರು ಯಾವುದು? ಸುಲಭದ್ದು ಯಾವುದು?" ಸುಲಭದ ಐದರಿಂದ ಶುರು. ಬಳಸುವ ಮಾತನ್ನು ಅಲ್ಲೇ ಬಾಯಿಬಿಟ್ಟು ಹೇಳಿಸಬೇಕು. "ಭಟ್ರೇ, ಪುಸ್ತಕದಲ್ಲಿ 6,400 ಇದೆ. ಶನಿವಾರ ಅರ್ಧ ಕೊಟ್ಟರೆ ಮುಂದಿನ ಲೋಡಿಗೆ ಅನುಕೂಲ." ಇದರಲ್ಲಿ ಮೊತ್ತ ಇದೆ, ದಿನ ಇದೆ, ಕಾರಣ ಇದೆ, ಮರ್ಯಾದೆಯೂ ಉಳಿದಿದೆ. "ಆದಾಗ ಕೊಡಿ" ಎಂದರೆ ಮೂರೂ ಇಲ್ಲ. ಬಾಕಿ ಬೆಳೆಯುವುದು ಹಾಗೆಯೇ. ಎರಡು ವಾರದ ಮೇಲೆ ಕೋಚ್ ಮೊದಲು ಕೇಳಬೇಕಾದದ್ದು ಆ ಐದು ಹೆಸರುಗಳ ಗತಿ. ಕೇಳದೆ ಹೊಸ ವಿಷಯ ಎತ್ತುವ ಕೋಚ್‌ಗೆ ಅರ್ಧ ಅಂಕ.

ನಮ್ಮಲ್ಲಿ ಇದನ್ನು ಯಾವಾಗ ಹಿಡಿಯಬೇಕು ಎನ್ನುವುದೂ ಮುಖ್ಯ. ಕೃಷಿಕರ ಕೈಗೆ ಹಣ ಬರುವುದು ಅಡಕೆ ಮಾರಿದಾಗ. ಜೂನಿನ ಮಳೆಯಲ್ಲಿ ಬಾಕಿ ಕೇಳಿ ಸಿಗದೆ "ಕೋಚಿಂಗ್ ಫಲ ಕೊಡಲಿಲ್ಲ" ಎಂದರೆ ತಪ್ಪು ಕೋಚಿಂಗಿನದ್ದಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಬಿಡುವಿನಲ್ಲಿ ಪುಸ್ತಕ ಸರಿಮಾಡಿ, ಸಾಲದ ಮಿತಿ ಗೊತ್ತುಮಾಡಿ, ಕೊಯ್ಲು ಮುಗಿದು ಅಡಕೆ ಪೇಟೆಗೆ ಹೋಗುವ ಹೊತ್ತಿಗೆ ಕೇಳಿದರೆ ಸಿಗುವುದು ಹೆಚ್ಚು.

ಇನ್ನು ಕೋಚಿಂಗ್ ಮುಗ್ಗರಿಸುವ ಕಡೆಗಳು. ಗಲ್ಲಾದಲ್ಲಿ ಅಪ್ಪ ಕೂತಿದ್ದು ಕೋಚ್ ಹತ್ತಿರ ಮಗ ಹೋದರೆ, ಬೆಲೆಯ ನಿರ್ಧಾರವೂ ಸಾಲದ ನಿರ್ಧಾರವೂ ಅಪ್ಪನದ್ದೇ ಆಗಿರುತ್ತದೆ. ಎರಡನೇ ಸಿಟ್ಟಿಂಗಿಗಾದರೂ ಇಬ್ಬರನ್ನೂ ಕೂರಿಸಬೇಕು. ಭಾಷೆಯದ್ದು ಇನ್ನೊಂದು. ಕಾಸರಗೋಡಿನ ಮಾಲಕ ಗಿರಾಕಿಯೊಡನೆ ತುಳು, ಮಲಯಾಳಂ, ಕನ್ನಡ ಎಲ್ಲವನ್ನೂ ಆಡುತ್ತಾನೆ, ಆದರೆ ಅಣ್ಣತಮ್ಮಂದಿರ ಪಾಲಿನ ಜಗಳವನ್ನು ಮನೆಭಾಷೆಯಲ್ಲದೆ ಹೇಳಲಾರ. ಇಂಗ್ಲಿಷ್ ಫಾರ್ಮ್ ತುಂಬಿಸುವ ಕೋಚ್ ಮುಂದೆ ಎಲ್ಲರೂ ಒಳ್ಳೆಯ ಉತ್ತರವನ್ನೇ ಬರೆಯುತ್ತಾರೆ. ಮಂಗಳೂರಿನ ಕನ್ನಡ ಕೋಚ್ ವೀಡಿಯೊದಲ್ಲಿ ಸಿಕ್ಕರೂ ಸಾಕು. ಜೊತೆಗೆ ಸಣ್ಣ ಪೇಟೆಯಲ್ಲಿ ಗುಟ್ಟು ನಿಲ್ಲುವುದು ಕಷ್ಟ. ಎದುರಿನ ಅಂಗಡಿಯವರೂ ಅದೇ ಕೋಚ್‌ನ ಗಿರಾಕಿಗಳೇ ಎಂದು ಕೇಳಿಕೊಂಡು, ಹೇಳಿದ್ದು ಹೊರಗೆ ಹೋಗದು ಎಂದು ಬರಹದಲ್ಲಿ ತೆಗೆದುಕೊಳ್ಳಿ. "ನಮ್ಮ ಯಶಸ್ಸಿನ ಕಥೆಗಳು" ಎಂದು ಗಿರಾಕಿಗಳ ಫೋಟೊ ಹಾಕುವವರ ಹತ್ತಿರ ಇದನ್ನು ಎರಡು ಸಲ ಕೇಳಿ.

ನಮ್ಮ ದೇಶದಲ್ಲಿ ಕೋಚ್ ಎಂದು ಬೋರ್ಡು ಹಾಕಲು ಯಾವ ಪರವಾನಗಿಯೂ ಬೇಡ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್‌ನ ಮೊದಲ ಹಂತದ ಮಾನ್ಯತೆಗೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು; ಎರಡನೆಯದಕ್ಕೆ 125 ಮತ್ತು 500. ಪ್ರಮಾಣಪತ್ರ ಇದ್ದವರೆಲ್ಲ ಒಳ್ಳೆಯವರಲ್ಲ, ಆದರೂ ಎಷ್ಟು ಗಂಟೆ, ಎಲ್ಲಿ ಕಲಿತದ್ದು ಎಂದು ಕೇಳಿದಾಗ ಸಿಡುಕುವವರನ್ನು ಬಿಡುವುದೇ ಲೇಸು. ಪೂರ್ತಿ ಹಣ ಮುಂಗಡ ಕೇಳಿದರೆ, "ನೀವೂ ಮೂವರನ್ನು ಸೇರಿಸಿ" ಎಂದರೆ, ಅಲ್ಲಿಗೆ ಮಾತು ಮುಗಿಸಿ.

ಕೆಲವು ಕೆಲಸಗಳಿಗೆ ಕೋಚ್ ಬೇಕಿಲ್ಲ, ಆ ಹೆಸರಿನಲ್ಲಿ ಹಣ ಕೊಡಬೇಡಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸರಕಾರದ ಜಾಲತಾಣದಲ್ಲಿ ಉಚಿತ. ಹಾಳೆತಟ್ಟೆ ಘಟಕಕ್ಕೆ ದೊಡ್ಡ ಖರೀದಿದಾರ ಹಣ ಎಳೆದಾಡುತ್ತಿದ್ದರೆ ಅದಕ್ಕೆ ಕಾನೂನೇ ಇದೆ: 2006ರ ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆಯಂತೆ ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ದೂರು ಕೊಡುವುದು ಆ ಸಚಿವಾಲಯದ ಆನ್‌ಲೈನ್ ಪೋರ್ಟಲಿನಲ್ಲಿ. ಇದು ಉತ್ಪಾದಕರಿಗೆ ಮತ್ತು ಸೇವೆ ಕೊಡುವವರಿಗೆ, ತಂದು ಮಾರುವ ವ್ಯಾಪಾರಿಗೆ ಅಲ್ಲ. ತೆಂಗಿನ ಚಿಪ್ಸ್, ವರ್ಜಿನ್ ಎಣ್ಣೆ ಮಾಡುವವರಿಗೆ ತಾಂತ್ರಿಕ ಸಹಾಯ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲೇ ಇದೆ. ನಿದ್ದೆಯೇ ಬಾರದಿದ್ದರೆ, ಬದುಕೇ ಬೇಡ ಎನಿಸಿದರೆ ಕೋಚ್ ಅಲ್ಲ, ವೈದ್ಯರು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ ಕರೆ.

ಮೂರನೇ ಸಿಟ್ಟಿಂಗಿನ ಹೊತ್ತಿಗೆ ಮೂರು ಅಂಕೆ ನೋಡಿ: ಬಾಕಿಯ ಮೊತ್ತ, ಮಾಲಕ ಅಂಗಡಿಯಲ್ಲಿಲ್ಲದೆ ಸುಸೂತ್ರ ನಡೆದ ಗಂಟೆಗಳು, ಮನೆಖರ್ಚಿಗೆ ಗಲ್ಲಾದಿಂದ ಲೆಕ್ಕವಿಲ್ಲದೆ ತೆಗೆದ ಹಣ. ಒಂದಾದರೂ ಅಲುಗಾಡಿದ್ದರೆ ಆರನ್ನೂ ಮುಗಿಸಿ. ಯಾವುದೂ ಅಲುಗಾಡದಿದ್ದರೆ ಉಳಿದ ಮೂರನ್ನು ಬಿಟ್ಟು, ಅವಕ್ಕೆ ಮುಂಗಡವೇನಾದರೂ ಕೊಟ್ಟಿದ್ದರೆ ವಾಪಸ್ ಕೇಳಿ, ಆ ಷರತ್ತನ್ನು ಮೊದಲ ದಿನವೇ ಕಾಗದದಲ್ಲಿ ಬರೆಸಿಕೊಂಡಿರಬೇಕು.